ವಿದ್ಯುತ್ ಲಾರಿಯ ಬಾನೆಟ್ಟಿನಡಿ ಕೂರುವ ಧೂಳು: ನೀರು ಬೇಡ, ಬ್ರಷ್ ಸಾಕು

ಅಡಿಕೆ ಕೊಯ್ಲು ಮುಗಿಯುವ ಮೊದಲೇ ಕಾಫಿ ಕೊಯ್ಲು ಬಂದು ಸೇರುವ ನವೆಂಬರಿನಿಂದ ಫೆಬ್ರವರಿವರೆಗಿನ ದಿನಗಳಲ್ಲಿ ಬೆಳೆಗಾರನಿಗೆ ಆಳು ಎಷ್ಟು ಮುಖ್ಯವೋ ಗಾಡಿಯೂ ಅಷ್ಟೇ ಮುಖ್ಯ. ಕೊಯ್ದ ಹಣ್ಣು ಅದೇ ದಿನ ಪಲ್ಪರಿಗೆ ಹೋಗಬೇಕು. ಒಣಗಿದ ಚೆರ್ರಿ ಕಣದಿಂದ ಗೋದಾಮಿಗೆ ಬರಬೇಕು. ಸುಲಿದ ಅಡಿಕೆ ಮಂಡಿಗೆ ತಲುಪಬೇಕು. ಇಂಥ ಸಮಯದಲ್ಲಿ ಗಾಡಿ ಎರಡು ದಿನ ನಿಂತರೆ ಆಗುವ ನಷ್ಟವನ್ನು ನಮ್ಮ ಸದಸ್ಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈಚೆಗೆ ನಮ್ಮ ಸಂಘದ ಕೆಲವು ಸದಸ್ಯರು ವಿದ್ಯುತ್ ಚಾಲಿತ ಸಣ್ಣ ಲಾರಿಗಳನ್ನು ಕೊಂಡಿದ್ದಾರೆ. ಇನ್ನು ಕೆಲವರು ಕೊಳ್ಳುವ ವಿಚಾರದಲ್ಲಿದ್ದಾರೆ. ಈ ಬಗ್ಗೆ ಕಚೇರಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ಬಾನೆಟ್ ಎತ್ತಿದರೆ ಒಳಗೆ ಬೆರಳು ಹೂಳುವಷ್ಟು ಧೂಳು. ವಾಟರ್ ಸರ್ವಿಸ್‌ಗೆ ಬಿಡಬಹುದೇ?” ಇದಕ್ಕೆ ಉತ್ತರ ಚಿಕ್ಕದು. ಧೂಳನ್ನು ತೆಗೆಯಲೇಬೇಕು, ಆದರೆ ನೀರು ಹೊಡೆದು ತೆಗೆಯಬಾರದು, ಮತ್ತು ಹೂಮಳೆ ಬೀಳುವುದಕ್ಕೆ ಮುಂಚೆಯೇ ತೆಗೆಯಬೇಕು. ಹೀಗೇಕೆ ಎಂಬುದನ್ನೂ ಮಾಡುವ ಕ್ರಮವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಈ ಗಾಡಿಗಳು ಬಂದ ಬಗೆ

ವಿದ್ಯುತ್ ಗಾಡಿ ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು ರಸ್ತೆಗೆ ಇಳಿದಿತ್ತು. 2017ರಲ್ಲಿ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ್ದು ನಮ್ಮ ರಾಜ್ಯ. ಹೊರೆ ಸಾಗಿಸುವ ನಾಲ್ಕು ಚಕ್ರದ ಗಾಡಿಗಳಲ್ಲಿ ನಮ್ಮವರಿಗೆ ಪರಿಚಿತವಾದ ಏಸ್ ಲಾರಿಯ ವಿದ್ಯುತ್ ಮಾದರಿಯನ್ನು ಟಾಟಾ ಕಂಪನಿ 2022ರ ಮೇ ತಿಂಗಳಲ್ಲಿ ಹೊರತಂದಿತು. ಅದರ ಬ್ಯಾಟರಿ 21.3 ಯೂನಿಟ್ ವಿದ್ಯುತ್ ಹಿಡಿಯುವಂಥದು, ಹೊರೆ 600 ಕಿಲೋ. 2024ರಲ್ಲಿ ಒಂದು ಟನ್ ಹೊರುವ ಮಾದರಿಯೂ ಬಂದಿತು. ಇವಲ್ಲದೆ ಮೂರು ಚಕ್ರದ ಗಾಡಿಗಳು ಹಲವು ಕಂಪನಿಗಳಿಂದ ಬಂದಿವೆ.

ಒಂದು ಚಾರ್ಜಿನಲ್ಲಿ ಮಲೆನಾಡಿನಿಂದ ಬೆಂಗಳೂರಿಗೆ ಹೊರೆ ಒಯ್ಯುವ ಗಾಡಿಗಳು ಇವಲ್ಲ. ತೋಟದಿಂದ ಕಣಕ್ಕೆ, ಕಣದಿಂದ ಸಂಘದ ಗೋದಾಮಿಗೆ, ಅಲ್ಲಿಂದ ಪೇಟೆಗೆ ಹೋಗಿಬರಲು ತಕ್ಕವು. ಬೆಂಗಳೂರಿನಲ್ಲಾದರೆ ಗೋದಾಮಿನಿಂದ ಅಂಗಡಿಗಳಿಗೆ ಸರಕು ಹಂಚಲು ಇವೇ ಹೆಚ್ಚು ಓಡುತ್ತಿವೆ. ಆದ್ದರಿಂದ ಇವುಗಳ ರಿಪೇರಿಯ ಅನುಭವವೂ ಅಲ್ಲಿನವರಿಗೆ ನಮಗಿಂತ ಹೆಚ್ಚು.

ಗರುಡಾಚಾರ್‌ಪಾಳ್ಯದಲ್ಲಿ ಕಂಡದ್ದು

ನಮ್ಮ ಕಾಫಿಪುಡಿ ಬೆಂಗಳೂರಿಗೆ ಡೀಸೆಲ್ ಲಾರಿಯಲ್ಲಿ ಹೋಗುತ್ತದೆ. ಅಲ್ಲಿಂದ ಪೂರ್ವ ಭಾಗದ ಅಂಗಡಿಗಳಿಗೆ ಹಂಚುವುದು ಬಾಡಿಗೆಯ ವಿದ್ಯುತ್ ಗಾಡಿಗಳು. ಕಳೆದ ಬೇಸಿಗೆಯಲ್ಲಿ ಬಾಡಿಗೆ ಲೆಕ್ಕ ತೀರಿಸಲು ಹೋದವನು, ಆ ಗಾಡಿಗಳು ರಿಪೇರಿಗೆ ನಿಲ್ಲುವ ಗರುಡಾಚಾರ್‌ಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಅರ್ಧ ದಿನ ಕುಳಿತು ಬಂದೆ.

ಗರುಡಾಚಾರ್‌ಪಾಳ್ಯ ಮಹದೇವಪುರದ ಮಗ್ಗುಲಲ್ಲಿ, ಕೆ.ಆರ್.ಪುರದಿಂದ ಹೂಡಿಯ ಕಡೆಗೆ ಹೋಗುವ ವೈಟ್‌ಫೀಲ್ಡ್ ರಸ್ತೆಯಲ್ಲಿದೆ. ಮೇಲೆ ಮೆಟ್ರೋ ರೈಲು. ಅಲ್ಲಿನ ನಿಲ್ದಾಣ 2023ರ ಮಾರ್ಚ್‌ನಲ್ಲಿ ತೆರೆಯಿತು. ಅದಕ್ಕೆ ಮುಂಚೆ ಹಲವು ವರ್ಷ ಆ ರಸ್ತೆಯುದ್ದಕ್ಕೂ ಕಾಮಗಾರಿ ನಡೆದಿತ್ತು. ಬಳಿಕ ಹತ್ತಿರದ ಹೊರವರ್ತುಲ ರಸ್ತೆಯಲ್ಲಿಯೂ ಮೆಟ್ರೋ ಕೆಲಸ ನಡೆಯಿತು. ಸುತ್ತಮುತ್ತ ಕಟ್ಟಡಗಳ ಕೆಲಸ ಸದಾ ಇದ್ದೇ ಇದೆ. ಹಾಗಾಗಿ ಅಲ್ಲಿ ಓಡುವ ಗಾಡಿಯ ಬಾನೆಟ್ಟಿನಡಿ ಕೂರುವುದು ನಮ್ಮ ಕೆಂಪು ಮಣ್ಣಿನ ಧೂಳು ಮಾತ್ರವಲ್ಲ, ಬೂದು ಬಣ್ಣದ ಸಿಮೆಂಟಿನ ಪುಡಿ ಕೂಡ.

ಆ ದಿನ ಅಲ್ಲಿ ಎರಡು ಗಾಡಿ ನಿಂತಿದ್ದವು. ಮೊದಲನೆಯದು ಬೆಳಿಗ್ಗೆ ಚಾಲೂ ಆಗಿರಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇದ್ದರೂ ಕೀಲಿ ತಿರುಗಿಸಿದರೆ ಉಸಿರೇ ಇಲ್ಲ. ಬಾನೆಟ್ ಎತ್ತಿ ನೋಡಿದರೆ ದೋಷವಿದ್ದದ್ದು 12 ವೋಲ್ಟಿನ ಸಣ್ಣ ಬ್ಯಾಟರಿಯಲ್ಲಿ. ಮೇಲೆ ಧೂಳು ತೇವ ಹೀರಿ ಹೆಪ್ಪುಗಟ್ಟಿತ್ತು, ಟರ್ಮಿನಲ್‌ಗಳಿಗೆ ಹಸಿರು ಪುಡಿ ಹಿಡಿದಿತ್ತು. ವಿದ್ಯುತ್ ಗಾಡಿಗೆ ಈ ಸಣ್ಣ ಬ್ಯಾಟರಿ ಏಕೆಂದು ಹಲವರು ಕೇಳುತ್ತಾರೆ. ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯುವ ಸ್ವಿಚ್ಚುಗಳು ಕೆಲಸ ಮಾಡುವುದು ಈ ಸಣ್ಣ ಬ್ಯಾಟರಿಯ ಬಲದಿಂದ. ಕಣಜದ ತುಂಬ ಭತ್ತವಿದ್ದು ಬೀಗದ ಕೈ ಕಳೆದುಹೋದಂತೆ, ಇದು ಸೋತರೆ ದೊಡ್ಡದು ಇದ್ದೂ ಇಲ್ಲದಂತೆ. ಟರ್ಮಿನಲ್ ಶುಚಿಮಾಡಿ ಸಣ್ಣ ಬ್ಯಾಟರಿ ಚಾರ್ಜ್ ಮಾಡಿದ ಮೇಲೆ ಗಾಡಿ ಹೊರಟಿತು.

ಎರಡನೆಯ ಗಾಡಿಯ ಕತೆ ಬೇರೆ. ಅದರ ಡ್ರೈವರ್ ಹಿಂದಿನ ದಿನ ಬಾನೆಟ್ ತೆರೆದು ಒಳಗೆಲ್ಲ ಪಂಪಿನಿಂದ ನೀರು ಹೊಡೆಸಿದ್ದ. ಒಂದು ಕನೆಕ್ಟರಿನೊಳಗೆ ನೀರು ಸೇರಿ ಎಚ್ಚರಿಕೆಯ ದೀಪ ಹತ್ತಿ ಗಾಡಿ ನಿಂತುಬಿಟ್ಟಿತ್ತು. ಅಧಿಕ ವೋಲ್ಟೇಜಿನ ಗಾಡಿಗಳಲ್ಲಿ ವಿದ್ಯುತ್ತು ಬಾಡಿಗೆ ಸೋರುತ್ತಿದೆಯೇ ಎಂದು ಅಳೆಯುವ ಏರ್ಪಾಟು ಒಳಗೇ ಇರುತ್ತದೆ. ಸೋರಿಕೆ ಕಂಡರೆ ಗಾಡಿ ತಾನಾಗಿಯೇ ಓಡಲು ನಿರಾಕರಿಸುತ್ತದೆ. ಇದು ದೋಷವಲ್ಲ, ನಮ್ಮ ರಕ್ಷಣೆಗಾಗಿಯೇ ಮಾಡಿದ್ದು. ಆದರೆ ಒಳಗಿನ ಪಸೆ ಆರುವತನಕ ಗಾಡಿ ನಿಲ್ಲಬೇಕು, ಕೆಟ್ಟ ಕನೆಕ್ಟರ್ ಬದಲಾಯಿಸಬೇಕು. ಅಲ್ಲಿನ ಮೆಕ್ಯಾನಿಕ್ ಹೇಳಿದ ಮಾತು ಇದು: “ಸಾರ್, ನಮ್ಮಲ್ಲಿಗೆ ಧೂಳಿನಿಂದ ಕೆಟ್ಟು ಬರೋ ಗಾಡಿಗಿಂತ ಧೂಳು ತೊಳೆಯೋಕೆ ಹೋಗಿ ಕೆಟ್ಟು ಬರೋ ಗಾಡೀನೇ ಜಾಸ್ತಿ.”

ಡೀಸೆಲ್ ಗಾಡಿಗೂ ಇದಕ್ಕೂ ಇರುವ ವ್ಯತ್ಯಾಸ

ಡೀಸೆಲ್ ಜೀಪು, ಲಾರಿಗಳಲ್ಲಿ ಬೆಳಿಗ್ಗೆ ಎದ್ದು ಬಾನೆಟ್ ಎತ್ತುವುದು ನಮಗೆಲ್ಲ ರೂಢಿ. ಎಂಜಿನ್ ಆಯಿಲ್ ನೋಡಬೇಕು, ರೇಡಿಯೇಟರ್ ನೀರು ನೋಡಬೇಕು, ಬೆಲ್ಟ್ ಮುಟ್ಟಿ ನೋಡಬೇಕು. ಆ ನೆಪದಲ್ಲಿ ಒಳಗೆ ಏನಾಗಿದೆ ಎಂದು ಕಣ್ಣಿಗೆ ಬೀಳುತ್ತಿತ್ತು. ವಿದ್ಯುತ್ ಗಾಡಿಯಲ್ಲಿ ಆಯಿಲ್ ಇಲ್ಲ, ಅಳತೆಕಡ್ಡಿಯೂ ಇಲ್ಲ. ಆದಕಾರಣ ತಿಂಗಳುಗಟ್ಟಲೆ ಯಾರೂ ಬಾನೆಟ್ ಎತ್ತುವುದೇ ಇಲ್ಲ. ಧೂಳು ಹೆಚ್ಚಾಗಿ ಕಾಣುವುದಕ್ಕೆ ಮೊದಲ ಕಾರಣ ಇದೇ.

ಇನ್ನೊಂದು ಕಾರಣ, ಡೀಸೆಲ್ ಎಂಜಿನಿನ ಮೈಮೇಲೆ ಎಣ್ಣೆಯ ಜಿಡ್ಡಿರುವುದರಿಂದ ಧೂಳು ಅಂಟಿ ಕರಿಯ ಪದರವಾಗುತ್ತದೆ. ಅದು ಧೂಳೆಂದೇ ನಮಗೆ ತೋರುವುದಿಲ್ಲ. ಇಲ್ಲಿ ಎಲ್ಲವೂ ಒಣಗಿರುವುದರಿಂದ ಧೂಳು ಸಡಿಲವಾಗಿ ಹಿಟ್ಟಿನಂತೆ ಕೂರುತ್ತದೆ. ಇದು ನಮಗೆ ಅನುಕೂಲವೇ. ಜಿಡ್ಡಿಲ್ಲದ ಧೂಳಿಗೆ ನೀರೂ ಬೇಡ, ಸೋಪೂ ಬೇಡ.

ಬಾನೆಟ್ ಎಂದು ಇಲ್ಲಿ ಹೇಳುತ್ತಿದ್ದರೂ ಎಲ್ಲ ಗಾಡಿಗಳಲ್ಲಿ ಅದು ಮುಂದೆಯೇ ಇರಬೇಕೆಂದಿಲ್ಲ. ಕೆಲವುಗಳಲ್ಲಿ ಕಂಟ್ರೋಲರ್ ಸೀಟಿನ ಕೆಳಗಿದೆ, ಕೆಲವುಗಳಲ್ಲಿ ಹೊರೆಯ ತಟ್ಟೆಯ ಅಡಿಯಲ್ಲಿದೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಚಿತ್ರ ನೋಡಿ ಯಾವುದು ಎಲ್ಲಿದೆ ಎಂದು ಒಮ್ಮೆ ಗುರುತಿಸಿಕೊಳ್ಳಿ.

ಶಾಖದ ವಿಷಯದಲ್ಲಿ ಮಾತ್ರ ನಾವು ಡೀಸೆಲ್ ಗಾಡಿಯ ಲೆಕ್ಕ ಹಾಕಬಾರದು. ವಿದ್ಯುತ್ ಮೋಟಾರಿನಲ್ಲಿ ಶಾಖವಾಗಿ ವ್ಯರ್ಥವಾಗುವ ಶಕ್ತಿ ಡೀಸೆಲ್ ಎಂಜಿನಿಗಿಂತ ಬಹಳ ಕಡಿಮೆ ಎಂಬುದು ನಿಜ. ಆದರೆ ಅದರ ಕಂಟ್ರೋಲರಿನ ಸೂಕ್ಷ್ಮ ಭಾಗಗಳಿಗೆ ಶಾಖ ತಡೆಯುವ ಶಕ್ತಿಯೂ ಕಡಿಮೆ. ಡೀಸೆಲ್ ಎಂಜಿನಿನ ರೇಡಿಯೇಟರ್ ನೀರು ಸುಮಾರು 90 ಡಿಗ್ರಿಯಲ್ಲಿರುತ್ತದೆ. ಹೊರಗಿನ ಗಾಳಿ 35 ಡಿಗ್ರಿಯಿದ್ದರೆ ನಡುವಿನ ಅಂತರ 55 ಡಿಗ್ರಿ. ಈ ಅಂತರವೇ ಶಾಖವನ್ನು ಹೊರಗೆ ಎಳೆಯುವ ಬಲ. ನೀರಿನಿಂದ ತಣಿಸುವ ವಿದ್ಯುತ್ ಗಾಡಿಯಲ್ಲಿ ಕಂಟ್ರೋಲರಿಗೆ ಹೋಗುವ ನೀರು ಸಾಮಾನ್ಯವಾಗಿ 65 ಡಿಗ್ರಿ ಮೀರಬಾರದು. ಅಂದರೆ ಅಂತರ 30 ಡಿಗ್ರಿ ಮಾತ್ರ. ಇಷ್ಟು ಕಡಿಮೆ ಅಂತರದಲ್ಲಿ ಕೆಲಸ ಮಾಡುವ ರೇಡಿಯೇಟರಿನ ಹಲ್ಲುಗಳ ನಡುವೆ ಧೂಳೂ ಹೊಟ್ಟೂ ತುಂಬಿಕೊಂಡರೆ ಪರಿಣಾಮ ಬೇಗ ತಿಳಿಯುತ್ತದೆ. ಗಾಳಿಯಿಂದಲೇ ತಣಿಯುವ ಸಣ್ಣ ಗಾಡಿಗಳಲ್ಲಿ ಕಂಟ್ರೋಲರಿನ ಲೋಹದ ಏಣುಗಳ ಮೇಲೆ ಧೂಳು ಕಂಬಳಿಯಂತೆ ಹೊದ್ದುಕೊಳ್ಳುತ್ತದೆ. ಬಿಸಿ ಮಿತಿ ಮೀರಿದಾಗ ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಮೋಟಾರಿನ ಬಲ ತಗ್ಗಿಸುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಗೊತ್ತಾಗದು. ತುಂಬಿದ ಹೊರೆಯೊಂದಿಗೆ ತೋಟದ ಏರು ಹತ್ತುವಾಗ ಗಾಡಿ ಏದುಸಿರು ಬಿಡುವುದು ಆಗಲೇ.

ಧೂಳೆಲ್ಲ ಒಂದೇ ಅಲ್ಲ

ನಮ್ಮ ಗಾಡಿಗಳಲ್ಲಿ ಕೂರುವ ಧೂಳನ್ನು ನಾಲ್ಕು ಬಗೆಯಾಗಿ ನೋಡಬಹುದು.

ಮೊದಲನೆಯದು ಕೆಂಪು ಮಣ್ಣಿನ ಧೂಳು. ಒಣಗಿದ್ದಾಗ ಇದರಿಂದ ವಿದ್ಯುತ್ತು ಹರಿಯುವುದಿಲ್ಲ. ಗಾಳಿಗೆ ಅಡ್ಡ ಬರುವುದನ್ನು ಬಿಟ್ಟರೆ ಹೆಚ್ಚಿನ ಹಾನಿಯಿಲ್ಲ. ತೇವವಾದಾಗ ಕೆಸರಾಗಿ ಮೂಲೆಗಳಲ್ಲಿ ನಿಂತು ತುಕ್ಕಿಗೆ ದಾರಿಮಾಡುತ್ತದೆ.

ಎರಡನೆಯದು ಹೊಟ್ಟು ಮತ್ತು ನಾರು. ಅಡಿಕೆ ಸುಲಿಯುವ ಯಂತ್ರದ ಪಕ್ಕದಲ್ಲಿ ಅಥವಾ ಕಾಫಿ ಹಲ್ಲರಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಹೊರೆ ಹೇರುವುದು ಸಾಮಾನ್ಯ. ಅಲ್ಲಿ ಹಾರುವ ನಾರೂ ಪಾರ್ಚ್‌ಮೆಂಟಿನ ಸಿಪ್ಪೆಯೂ ರೇಡಿಯೇಟರಿನ ಮುಂದೆ ಜಾಲರಿ ಕಟ್ಟಿದಂತೆ ಹಿಡಿದುಕೊಳ್ಳುತ್ತವೆ. ತೇವವನ್ನು ಹಿಡಿದಿಡುತ್ತವೆ, ಬೆಂಕಿಗೂ ಸುಲಭದ ತುತ್ತು. ಎಲ್ಲಕ್ಕಿಂತ ಮಿಗಿಲಾಗಿ, ಇಲಿಗೆ ಗೂಡು ಕಟ್ಟಲು ಅಡಿಕೆ ನಾರಿಗಿಂತ ಒಳ್ಳೆಯ ಸಾಮಗ್ರಿಯಿಲ್ಲ. ಗೂಡು ಕಟ್ಟಿದ ಇಲಿ ವೈರು ಕಡಿಯದೆ ಬಿಡುವುದಿಲ್ಲ.

ಮೂರನೆಯದು ಸಿಮೆಂಟಿನ ಪುಡಿ. ಮನೆಗೆ, ಕಣಕ್ಕೆ ಸಿಮೆಂಟ್ ತರುವ ಗಾಡಿಗಳಲ್ಲಿಯೂ ಗರುಡಾಚಾರ್‌ಪಾಳ್ಯದಂಥ ಕಡೆ ಓಡುವ ಗಾಡಿಗಳಲ್ಲಿಯೂ ಇದಿರುತ್ತದೆ. ನೀರು ತಗುಲಿದರೆ ಗಟ್ಟಿಯಾಗುತ್ತದೆ. ಜೊತೆಗೆ ಅದರ ಕ್ಷಾರಗುಣ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ರೇಡಿಯೇಟರಿನ ಹಲ್ಲುಗಳೂ ಕಂಟ್ರೋಲರಿನ ಪೆಟ್ಟಿಗೆಯೂ ಅಲ್ಯೂಮಿನಿಯಂನವೇ.

ನಾಲ್ಕನೆಯದೇ ನಮ್ಮ ವೃತ್ತಿಗೆ ವಿಶೇಷವಾದದ್ದು, ಹೆಚ್ಚು ಅಪಾಯದ್ದು ಕೂಡ: ಗೊಬ್ಬರ ಮತ್ತು ಔಷಧಿಯ ಪುಡಿ. ಪೊಟ್ಯಾಷ್ ಒಂದು ಉಪ್ಪು. ಗಾಳಿಯ ತೇವ ಸಿಕ್ಕರೂ ಸಾಕು, ಅದರಲ್ಲಿ ವಿದ್ಯುತ್ತು ಹರಿಯುತ್ತದೆ, ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಮೈಲುತುತ್ತದ ಗುಣ ಅಡಿಕೆ ಬೆಳೆಗಾರರಿಗೆ ಗೊತ್ತೇ ಇದೆ. ಬೋರ್ಡೋ ದ್ರಾವಣ ತಯಾರಿಸಿದ ಮೇಲೆ ಹೊಳೆಯುವ ಚಾಕುವನ್ನು ಅದ್ದಿ ನೋಡುತ್ತೇವಲ್ಲವೇ? ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ತಾಮ್ರ ಕೂರುತ್ತದೆ. ಮೈಲುತುತ್ತದ ಪುಡಿ ತೇವದೊಂದಿಗೆ ಅಲ್ಯೂಮಿನಿಯಂ ಮೇಲೆ ಬಿದ್ದರೆ ನಡೆಯುವುದೂ ಅದೇ ಕ್ರಿಯೆ. ಕೂತ ತಾಮ್ರದ ಸುತ್ತ ಲೋಹ ಗುಳಿಬೀಳುತ್ತದೆ. ಆದ್ದರಿಂದ ಮೈಲುತುತ್ತ, ಸುಣ್ಣ, ಗೊಬ್ಬರ ಸಾಗಿಸಿದ ದಿನ ಸಂಜೆಯೇ ಗಾಡಿಯನ್ನು ಒಣಗಿದ ಬಟ್ಟೆಯಿಂದ ಒರೆಸಿಬಿಡುವುದು ಕ್ಷೇಮ.

ನೀರಿನ ಜೆಟ್ ಏಕೆ ಬೇಡ

“ನಮ್ಮ ಗಾಡಿ ನೀರಿನಲ್ಲಿ ಮುಳುಗಿದರೂ ಏನೂ ಆಗುವುದಿಲ್ಲ ಎಂದು ಷೋರೂಮಿನವರು ಹೇಳಿದ್ದಾರೆ” ಎನ್ನುವವರಿದ್ದಾರೆ. ಬ್ಯಾಟರಿ ಪೆಟ್ಟಿಗೆಯ ಮೇಲೆ ಐಪಿ 67 ಎಂದು ಬರೆದಿರುವುದೇ ಈ ಮಾತಿಗೆ ಆಧಾರ. ಇದರಲ್ಲಿ 6 ಎಂದರೆ ಒಳಗೆ ಧೂಳು ಸೇರದು ಎಂದರ್ಥ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಹಾನಿಯಾಗುವಷ್ಟು ನೀರು ಒಳಸೇರದು ಎಂದರ್ಥ. ಒಂದು ಮೀಟರ್ ಆಳದ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋದ ಹತ್ತರಲ್ಲೊಂದು ಪಾಲು ಮಾತ್ರ. ಗಾಡಿ ತೊಳೆಯುವ ಪಂಪಿನ ಒತ್ತಡವಾದರೋ 80ರಿಂದ 100 ಕಿಲೋವರೆಗೆ ಹೋಗುತ್ತದೆ. ಹತ್ತಿರದಿಂದ ಹೊಡೆಯುವ ಅಂಥ ಜೆಟ್‌ಗೆ ಬೇರೆಯೇ ಪರೀಕ್ಷೆಯಿದೆ, ಅದರ ಗುರುತು ಐಪಿ 69. 67ರಲ್ಲಿ ಅದು ಸೇರಿಲ್ಲ. ಅಲ್ಲದೆ ಬ್ಯಾಟರಿ ಪೆಟ್ಟಿಗೆಗೆ ಇರುವ ಗುರುತು ಬಾನೆಟ್ಟಿನಡಿಯ ಪ್ರತಿಯೊಂದು ಕನೆಕ್ಟರಿಗೂ ಫ್ಯೂಸ್ ಪೆಟ್ಟಿಗೆಗೂ ಅನ್ವಯಿಸುತ್ತದೆ ಎಂದು ತಿಳಿಯಬಾರದು.

ಮಳೆಯಲ್ಲಿ ಓಡಿಸುವುದಕ್ಕೆ ಹೆದರಬೇಕಾಗಿಲ್ಲ. ಗಾಡಿಯನ್ನು ಅದಕ್ಕಾಗಿಯೇ ಮಾಡಿದ್ದಾರೆ. ಹೊರಮೈ, ಚಕ್ರಗಳಿಗೆ ಎಂದಿನಂತೆ ನೀರು ಹಾಕಬಹುದು. ನಿಷೇಧವಿರುವುದು ಬಾನೆಟ್ ತೆರೆದು ಒಳಗೆ ಜೆಟ್ ಹೊಡೆಯುವುದಕ್ಕೆ ಮಾತ್ರ.

ಶುಚಿಮಾಡುವ ಕ್ರಮ

1. ಚಾರ್ಜರ್ ತೆಗೆದು, ಗಾಡಿ ಬಂದ್ ಮಾಡಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಕನಿಷ್ಠ ಅರ್ಧ ಗಂಟೆ ಆರಲು ಬಿಡಿ. ಬಿಸಿಯೂ ಇಳಿಯುತ್ತದೆ, ಕಂಟ್ರೋಲರಿನೊಳಗೆ ಉಳಿದ ವಿದ್ಯುತ್ತೂ ಇಳಿಯುತ್ತದೆ.

2. ಉಂಗುರ, ಕೈಗಡಿಯಾರ ತೆಗೆದಿಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಬಹಳ ದಿನ ನಿಂತ ಗಾಡಿಯಾದರೆ ಬಾನೆಟ್ ಎತ್ತುವ ಮುನ್ನ ಎರಡು ಸಲ ತಟ್ಟಿ. ಇಲಿಯಿದ್ದಲ್ಲಿಗೆ ಹಾವು ಬರುವುದುಂಟು.

3. ಕಿತ್ತಳೆ ಬಣ್ಣದ ವೈರುಗಳನ್ನೂ ಮಿಂಚಿನ ಗುರುತಿರುವ ಮುಚ್ಚಳಗಳನ್ನೂ ಯಾವ ಕಾರಣಕ್ಕೂ ಬಿಚ್ಚಬೇಡಿ, ಎಳೆಯಬೇಡಿ. ಅವು ಪ್ರಾಣಾಪಾಯದ ವೋಲ್ಟೇಜಿನವು. ಕಿತ್ತಳೆ ವೈರಿನ ಸಿಪ್ಪೆ ಹರಿದಿದ್ದರೆ, ಇಲಿ ಕಡಿದ ಗುರುತಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ ಕಂಪನಿಯ ಮೆಕ್ಯಾನಿಕ್‌ನನ್ನು ಕರೆಸಿ. ಮೂರು ಚಕ್ರದ ಕೆಲವು ಗಾಡಿಗಳು 48 ವೋಲ್ಟಿನವು. ಅವುಗಳಲ್ಲಿ ಕಿತ್ತಳೆ ವೈರು ಇಲ್ಲದಿರಬಹುದು. ಶಾಕಿನ ಭಯ ಕಡಿಮೆಯಾದರೂ ಸ್ಪ್ಯಾನರ್ ತಗುಲಿ ಷಾರ್ಟ್ ಆದರೆ ಕೈ ಸುಡುವಷ್ಟು ಬಲ ಅವಕ್ಕೂ ಇದೆ.

4. ಎಲೆ, ನಾರು, ಗೂಡುಗಳನ್ನು ಮೊದಲು ಕೈಯಿಂದ ಆರಿಸಿ ತೆಗೆಯಿರಿ. ಮುಂಗಾಜಿನ ಬುಡದ ನೀರುಗಂಡಿಗಳಲ್ಲಿ ಸಿಲ್ವರ್ ಓಕ್ ಎಲೆ ಸೇರಿದರೆ ಮಳೆನೀರು ಹೊರಹೋಗದೆ ಒಳಗೆ ಇಳಿಯುತ್ತದೆ. ಅವನ್ನು ಮರೆಯದೆ ಬಿಡಿಸಿ.

5. ಬಣ್ಣ ಹಚ್ಚುವ ಎರಡಂಗುಲದ ಮೆತ್ತನೆಯ ಹೊಸ ಬ್ರಷ್ ತೆಗೆದುಕೊಂಡು ಅದರ ತಗಡಿನ ಪಟ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಮೇಲಿನಿಂದ ಕೆಳಕ್ಕೆ ಧೂಳು ಇಳಿಸಿ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಪ್ಲಾಸ್ಟಿಕ್ ಮೂತಿ ಹಾಕಿ ಜೊತೆಜೊತೆಗೇ ಎಳೆಯಿರಿ. ತಂತಿ ಬ್ರಷ್ ಕೂಡದು.

6. ಗಾಳಿ ಹೊಡೆಯುವುದಾದರೆ ಒತ್ತಡ ಕಡಿಮೆಯಿರಲಿ, ಮೂತಿ ಒಂದಡಿ ದೂರವಿರಲಿ. ಕನೆಕ್ಟರುಗಳಿಗೆ ನೇರವಾಗಿ ಹೊಡೆಯಬೇಡಿ. ಧೂಳು ಇನ್ನಷ್ಟು ಒಳಗೆ ಹೋಗುತ್ತದೆ. ಕಣ ಗುಡಿಸುವ ಬ್ಲೋವರ್ ಆಗಬಹುದು. ಔಷಧಿ ಹೊಡೆಯುವ ಬ್ಲೋವರ್ ಮಾತ್ರ ಬೇಡ. ಅದರ ಕೊಳವೆಯಲ್ಲಿ ತಾಮ್ರದ ಪುಡಿ ಇದ್ದೇ ಇರುತ್ತದೆ.

7. ರೇಡಿಯೇಟರಿಗೆ ಒಳಗಿನಿಂದ ಹೊರಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ ಊದಬೇಕು. ಹೊರಗಿನಿಂದ ಊದಿದರೆ ಹೊಟ್ಟು ಇನ್ನೂ ಬಿಗಿಯಾಗಿ ಕೂರುತ್ತದೆ. ಫ್ಯಾನ್ ತಾನಾಗಿ ತಿರುಗಬಹುದಾದ್ದರಿಂದ ಅದರ ರೆಕ್ಕೆಗಳ ನಡುವೆ ಕೈ ಹಾಕಬೇಡಿ.

8. 12 ವೋಲ್ಟಿನ ಬ್ಯಾಟರಿಯ ಮೇಲ್ಭಾಗವನ್ನು ಒಣಬಟ್ಟೆಯಿಂದ ಒರೆಸಿ. ಟರ್ಮಿನಲ್‌ನಲ್ಲಿ ಪುಡಿ ಹಿಡಿದಿದ್ದರೆ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ತೆಗೆದು, ಒಣಗಿಸಿ, ತೆಳುವಾಗಿ ವ್ಯಾಸಲೀನ್ ಹಚ್ಚಿ.

9. ಕಂಟ್ರೋಲರ್ ಪೆಟ್ಟಿಗೆಯ ಹೊರಮೈ ಒರೆಸಿದರೆ ಸಾಕು. ಸೀಲ್ ಮಾಡಿದ ಪೆಟ್ಟಿಗೆಗಳನ್ನು ತೆರೆಯುವುದು ಅಪಾಯ, ಗ್ಯಾರಂಟಿಗೂ ಧಕ್ಕೆ. ಸೀಮೆಎಣ್ಣೆ, ಡೀಸೆಲ್ ಸವರಿ ಹೊಳಪು ಬರಿಸುವ ಹಳೆಯ ಪದ್ಧತಿ ಇಲ್ಲಿ ಕೂಡದು. ಧೂಳು ಅಂಟಲು ಅದೇ ಕಾರಣವಾಗುತ್ತದೆ.

ಇಷ್ಟಕ್ಕೆ ಒಬ್ಬ ಮನುಷ್ಯನ ಅರ್ಧ ಗಂಟೆಯ ಕೆಲಸ ಹಿಡಿಯುತ್ತದೆ.

ಯಾವಾಗ ಮಾಡಬೇಕು

ಕೊಯ್ಲಿನ ಕಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ, ಹದಿನೈದು ದಿನಕ್ಕೊಮ್ಮೆ ಬ್ರಷ್ ಆಡಿಸಿ. ಅಡಿಕೆ ಸುಲಿಯುವಲ್ಲಿ, ಹಲ್ಲರಿನ ಬಳಿ ಹೊರೆ ಹೇರಿದ ದಿನ ರೇಡಿಯೇಟರಿನ ಮುಖ ನೋಡಿಕೊಳ್ಳಿ. ಸಾಧ್ಯವಿದ್ದರೆ ಗಾಡಿಯನ್ನು ಗಾಳಿ ಬರುವ ಕಡೆ ನಿಲ್ಲಿಸಿ, ಹೊಟ್ಟು ಆಚೆ ಹಾರಿಹೋಗಲಿ.

ವರ್ಷದ ಮುಖ್ಯವಾದ ಶುಚಿ ಕೆಲಸ ಫೆಬ್ರವರಿ ಕೊನೆಯಲ್ಲಿ, ಹೂಮಳೆಗೆ ಮುಂಚೆ ಆಗಬೇಕು. ನಾಲ್ಕು ತಿಂಗಳ ಒಣಧೂಳಿಗೆ ಮೊದಲ ತೇವ ತಗಲುವುದು ಆಗ. ಅಲ್ಲಿಯವರೆಗೆ ಬ್ರಷ್‌ಗೆ ಬರುತ್ತಿದ್ದದ್ದು ಒಂದೇ ಮಳೆಗೆ ಕೆಸರಾಗಿ ಹತ್ತಿಬಿಡುತ್ತದೆ. ಎರಡನೆಯ ಬಾರಿ ಮೃಗಶಿರಾ ಮಳೆ ಹಿಡಿಯುವ ಮೊದಲು, ಮೇ ಕೊನೆಯಲ್ಲಿ. ಮಳೆಗಾಲದಲ್ಲಿ ಧೂಳಿಲ್ಲದಿದ್ದರೂ ತಿಂಗಳಿಗೊಮ್ಮೆ ಎತ್ತಿ, ನೀರುಗಂಡಿ, ಇಲಿಯ ಗುರುತು, ಸಣ್ಣ ಬ್ಯಾಟರಿಯ ಟರ್ಮಿನಲ್ ನೋಡಬೇಕು. ಚಾರ್ಜಿಂಗ್ ಸಾಕೆಟ್ಟಿನ ಮುಚ್ಚಳ ಯಾವ ಕಾಲದಲ್ಲೂ ಮುಚ್ಚಿಯೇ ಇರಲಿ. ಪಿನ್ನುಗಳಲ್ಲಿ ಧೂಳಿದ್ದರೆ ಚಾರ್ಜ್ ಆಗುವಾಗ ಅಲ್ಲಿ ಬಿಸಿ ಹುಟ್ಟುತ್ತದೆ.

ಹೊಸದಾಗಿ ಗಾಡಿ ಕೊಳ್ಳುವ ಸದಸ್ಯರು ಷೋರೂಮಿನಲ್ಲಿ ಮೂರು ವಿಷಯ ಕೇಳಿ ಬರೆಸಿಕೊಳ್ಳುವುದು ಉತ್ತಮ: ರೇಡಿಯೇಟರ್ ಅಥವಾ ಕಂಟ್ರೋಲರ್ ಎಲ್ಲಿದೆ, ಅದನ್ನು ನಾವೇ ಶುಚಿಮಾಡಬಹುದೇ, ನೀರು ಸೇರಿ ಕೆಟ್ಟರೆ ಗ್ಯಾರಂಟಿ ಉಂಟೇ, ದುರಸ್ತಿಗೆ ತಿಳಿದ ಮೆಕ್ಯಾನಿಕ್ ನಮ್ಮ ತಾಲ್ಲೂಕಿಗೆ ಎಷ್ಟು ದಿನದಲ್ಲಿ ಬರುತ್ತಾನೆ. ಗರುಡಾಚಾರ್‌ಪಾಳ್ಯದಲ್ಲಿ ಗಾಡಿ ಕೆಟ್ಟರೆ ವರ್ಕ್‌ಶಾಪ್ ಪಕ್ಕದ ಬೀದಿಯಲ್ಲಿದೆ. ನಮ್ಮಲ್ಲಿ ಕೆಟ್ಟರೆ ಘಟ್ಟ ಹತ್ತಿ ಯಾರಾದರೂ ಬರಬೇಕು, ಅದೂ ಹಣ್ಣು ಕಣದಲ್ಲಿ ಬಿದ್ದಿರುವಾಗ.

ಗಾಡಿಯ ಡೈರಿಯಲ್ಲಿ ಚಾರ್ಜ್, ಕಿಲೋಮೀಟರ್ ಬರೆಯುವ ಜಾಗದ ಪಕ್ಕದಲ್ಲಿ “ಬಾನೆಟ್ ನೋಡಿದ ದಿನ” ಎಂದು ಇನ್ನೊಂದು ಅಂಕಣ ಎಳೆಯಿರಿ. ಡ್ರೈವರ್ ಬದಲಾದರೂ ಅಭ್ಯಾಸ ಉಳಿಯುತ್ತದೆ. ಈ ಕ್ರಮದ ಒಂದು ಪುಟದ ಪ್ರತಿ ಸಂಘದ ಕಚೇರಿಯಲ್ಲಿ ದೊರೆಯುತ್ತದೆ. ಗಾಡಿಯಿರುವ ಸದಸ್ಯರು ಪಡೆದುಕೊಂಡು ಬಾನೆಟ್ಟಿನ ಒಳಮುಚ್ಚಳಕ್ಕೆ ಅಂಟಿಸಿಕೊಳ್ಳಬೇಕಾಗಿ ಕೋರಿಕೆ.

– ಕಾರ್ಯದರ್ಶಿ